ಕೆಲಸ ಹೋಯಿತು, ಲೆಕ್ಕ ಬಿಡಬೇಡಿ: ಸೆವರೆನ್ಸ್ (ಕೆಲಸದಿಂದ ಬಿಡಿಸುವಾಗ ಕೊಡುವ ಹಣ) ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಲಸ ಕಳೆದುಕೊಂಡವರದು, ಇಲ್ಲವೇ ಇನ್ನೆರಡು ದಿನದಲ್ಲಿ ಕಳೆದುಕೊಳ್ಳಲಿರುವವರದು. ಹೆಸರು, ಕಂಪನಿ ಎರಡನ್ನೂ ಕೈಬಿಟ್ಟಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಆ ದಿನಕ್ಕೆ ಮೊದಲು ಕೆಲಸದಿಂದ ತೆಗೆದಿದ್ದರೆ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಲೆಕ್ಕ ಹಾಕಬೇಕು. ಕೆಳಗಿನ ಲೆಕ್ಕಗಳೆಲ್ಲ ಆಮೇಲಿನವು.

ಪ್ರಶ್ನೆ: ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಒಂಬತ್ತು ವರ್ಷ ಏಳು ತಿಂಗಳ ಸರ್ವಿಸ್. ತಿಂಗಳಿಗೆ ಎಲ್ಲ ಸೇರಿ 1,20,000 ರೂ., ಬೇಸಿಕ್ 42,000. ನನ್ನ ಕೈಕೆಳಗೆ ಯಾರೂ ಇಲ್ಲ. ನೋಟಿಸ್ ಅವಧಿ ಎರಡು ತಿಂಗಳು. ಎಚ್‌ಆರ್‌ನವರು ಕರೆದು, “ಪ್ರಾಜೆಕ್ಟ್ ಮುಗಿಯಿತು, 9 ಲಕ್ಷದ ಪ್ಯಾಕೇಜ್ ಕೊಡುತ್ತೇವೆ, ನಾಳೆ ಸಂಜೆಯೊಳಗೆ ರಾಜೀನಾಮೆ ಹಾಕಿ. ಇಲ್ಲದಿದ್ದರೆ ಟರ್ಮಿನೇಟ್ ಮಾಡಿ ಬರೀ ನೋಟಿಸ್ ಹಣ ಕೊಡುತ್ತೇವೆ” ಎಂದರು. 9 ಲಕ್ಷಕ್ಕೆ ಒಪ್ಪಲೇ, ಇನ್ನೂ ಕೇಳಲೇ?

ಉತ್ತರ: ನಾಳೆ ಸಂಜೆ ಸಹಿ ಹಾಕಬೇಡಿ. ಒಳ್ಳೆಯ ಮೊತ್ತವೋ ಅಲ್ಲವೋ ಎಂಬುದು ಆ 9 ಲಕ್ಷವನ್ನು ಬಿಡಿಸಿ ನೋಡಿದ ಮೇಲೆ ಗೊತ್ತಾಗುವ ವಿಷಯ. ‘ಪ್ಯಾಕೇಜ್’ ಎಂಬ ಒಂದೇ ಮೂಟೆಯೊಳಗೆ, ಕಂಪನಿ ಹೇಗಿದ್ದರೂ ಕೊಡಲೇಬೇಕಾದ ಬಾಕಿಯನ್ನೂ ತಾನಾಗಿ ಕೊಡುವ ಹೆಚ್ಚುವರಿಯನ್ನೂ ಕಲಸಿ ಇಡುವುದು ಎಲ್ಲ ಕಡೆ ನಡೆಯುವ ಕ್ರಮ.

ಮೊದಲು ನೀವು ಕಾನೂನಿನ ಕಣ್ಣಲ್ಲಿ ಕಾರ್ಮಿಕರೋ ಅಲ್ಲವೋ ನೋಡಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ‘ಲೀಡ್’, ‘ಸೀನಿಯರ್ ಅನಲಿಸ್ಟ್’ ಎಂದಿದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ನಿಜವಾಗಿ ಮಾಡುತ್ತಿದ್ದ ಕೆಲಸ ಯಾವುದು ಎಂಬುದೇ ಮುಖ್ಯ. ತಾಂತ್ರಿಕ ಕೆಲಸ ಮಾಡುವವರಿಗೆ ಸಂಬಳದ ಮಿತಿಯೂ ಇಲ್ಲ. 18,000 ರೂ. ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸದವರಿಗೆ ಮಾತ್ರ. ನೇಮಕ ಮಾಡುವ, ರಜೆ ಮಂಜೂರು ಮಾಡುವ, ಅಪ್ರೈಸಲ್ ಬರೆಯುವ ಅಧಿಕಾರ ನಿಮಗಿಲ್ಲ. ಹಾಗಾಗಿ ನಿಮ್ಮನ್ನು ಕಾರ್ಮಿಕರೆಂದು ವಾದಿಸಲು ಗಟ್ಟಿ ನೆಲೆಯಿದೆ. ಕಾರ್ಮಿಕರನ್ನು ಪ್ರಾಜೆಕ್ಟ್ ಮುಗಿಯಿತೆಂದು ತೆಗೆಯುವುದು ರಿಟ್ರೆಂಚ್‌ಮೆಂಟ್, ಅದಕ್ಕೆ ಪರಿಹಾರ ಕೊಡಲೇಬೇಕು.

ಇನ್ನು ಲೆಕ್ಕ. ಹೊಸ ಸಂಹಿತೆಯಲ್ಲಿ ಭತ್ಯೆಗಳ ಒಟ್ಟು ಮೊತ್ತ ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನು ‘ವೇತನ’ಕ್ಕೆ ಸೇರಿಸಿಕೊಳ್ಳಬೇಕು. ನಿಮ್ಮ ಬೇಸಿಕ್ 42,000 ಇದ್ದರೂ ಲೆಕ್ಕಕ್ಕೆ ಹಿಡಿಯಬೇಕಾದ ವೇತನ 60,000. ಒಂಬತ್ತು ವರ್ಷದ ಮೇಲೆ ಆರು ತಿಂಗಳು ದಾಟಿರುವುದರಿಂದ ಹತ್ತು ವರ್ಷ ಎಂದೇ ಲೆಕ್ಕ.

ರಿಟ್ರೆಂಚ್‌ಮೆಂಟ್ ಪರಿಹಾರ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ. ಇಲ್ಲಿ ತಿಂಗಳೆಂದರೆ 30 ದಿನ, ಅಂದರೆ ವರ್ಷಕ್ಕೆ ಅರ್ಧ ತಿಂಗಳ ವೇತನ: 30,000 ಗುಣಿಸು 10, ಒಟ್ಟು 3,00,000. ಗ್ರಾಚ್ಯುಟಿಯೂ ಹದಿನೈದು ದಿನದ್ದೇ, ಆದರೆ ಅಲ್ಲಿ ತಿಂಗಳಿಗೆ 26 ದಿನ. 60,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಹತ್ತು ವರ್ಷಕ್ಕೆ 3,46,154. ಈ 26 ಮತ್ತು 30ರ ವ್ಯತ್ಯಾಸವನ್ನು ಕಂಪನಿಯ ಲೆಕ್ಕದ ಹಾಳೆಯಲ್ಲಿ ಕಣ್ಣಿಟ್ಟು ನೋಡಿ. ಗ್ರಾಚ್ಯುಟಿಗೂ 30 ಹಾಕಿದ್ದರೆ ನಿಮಗೆ 46,000 ರೂಪಾಯಿಗೂ ಹೆಚ್ಚು ನಷ್ಟ. ನೋಟಿಸ್ ಹಣ ನಿಮ್ಮ ಒಪ್ಪಂದದಂತೆ ಎರಡು ತಿಂಗಳದ್ದು, ಪೂರ್ತಿ ಸಂಬಳದ ಮೇಲೆ: 2,40,000.

ಮೂರೂ ಸೇರಿ 8,86,154 ರೂ. ಬಳಸದ ರಜೆಯ ಹಣ ಇನ್ನೂ ಇದರಲ್ಲಿ ಸೇರಿಲ್ಲ. ಇಷ್ಟನ್ನು ನೀವು ಯಾವ ಕಾಗದಕ್ಕೂ ಸಹಿ ಹಾಕದಿದ್ದರೂ ಕೊಡಬೇಕು. ಟರ್ಮಿನೇಟ್ ಮಾಡಿದರೆ ಬರೀ ನೋಟಿಸ್ ಹಣ ಎಂದದ್ದು ಬೆದರಿಕೆಯೇ ಹೊರತು ಕಾನೂನಲ್ಲ. ಹಾಗಾದರೆ ನಿಮ್ಮ ಸಹಿಗೆ, ಅಂದರೆ ಮುಂದೆಂದೂ ತಕರಾರು ಮಾಡುವುದಿಲ್ಲ ಎಂಬ ನಿಮ್ಮ ಮಾತಿಗೆ, ಕಂಪನಿ ಕಟ್ಟಿದ ಬೆಲೆ 13,846 ರೂ. ರಜೆಯ ಹಣವೂ ಆ 9 ಲಕ್ಷದೊಳಗೇ ಇದ್ದರೆ ಅದೂ ಇಲ್ಲ.

ರಾಜೀನಾಮೆ ಹಾಕಿದರೆ ಏನಾಗುತ್ತದೆ? ಸ್ವಇಚ್ಛೆಯಿಂದ ಬಿಟ್ಟವರಿಗೆ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ. 3 ಲಕ್ಷದ ಮೇಲಿನ ಹಕ್ಕು ಆ ಒಂದು ಸಾಲಿನಲ್ಲೇ ಹೋಯಿತು. ತೆರಿಗೆಯ ಏಟು ಬೇರೆ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ ಕಾನೂನಿನ ಸೂತ್ರದಷ್ಟು, ಗರಿಷ್ಠ 5 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ. ಅದೇ ಹಣವನ್ನು ರಾಜೀನಾಮೆಯ ಮೇಲೆ ‘ಎಕ್ಸ್‌ಗ್ರೇಷಿಯಾ’ (ಕಂಪನಿ ತಾನಾಗಿ ಕೊಡುವ ಹಣ) ಎಂದು ಬರೆದು ಕೊಟ್ಟರೆ ಸಂಬಳದಂತೆಯೇ ಪೂರ್ತಿ ತೆರಿಗೆ ಬೀಳುತ್ತದೆ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ರಜೆಯ ಹಣಕ್ಕೆ ಬದುಕಿನಲ್ಲಿ ಒಟ್ಟು 25 ಲಕ್ಷದವರೆಗೆ ವಿನಾಯಿತಿ ಉಂಟು. ನೋಟಿಸ್ ಹಣಕ್ಕೆ ಇಲ್ಲ. ಹಾಗಾಗಿ ಪತ್ರದಲ್ಲಿ ಪ್ರತಿ ಬಾಬತ್ತಿಗೂ ಬೇರೆ ಬೇರೆ ಸಾಲು ಇರಲೇಬೇಕು.

ಈಗ ಮಾಡಬೇಕಾದದ್ದು. ಇವತ್ತು ರಾತ್ರಿಯೇ ನೇಮಕಾತಿ ಪತ್ರ, ಕೊನೆಯ ಹನ್ನೆರಡು ಪೇ ಸ್ಲಿಪ್, ಫಾರಂ 16, ಇನ್‌ಕ್ರಿಮೆಂಟ್ ಪತ್ರಗಳು, ಅಪ್ರೈಸಲ್, ರಜೆಯ ಬಾಕಿ ತೋರಿಸುವ ಪುಟ, ಇವನ್ನು ಉಳಿಸಿಕೊಳ್ಳಿ. ಲಾಗಿನ್ ಯಾವ ಗಳಿಗೆಯಲ್ಲಾದರೂ ಹೋಗಬಹುದು. ಆದರೆ ಕೋಡ್, ಗ್ರಾಹಕರ ಕಡತ, ಕಂಪನಿಯ ಒಳ ದಾಖಲೆ ಯಾವುದನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಬೇಡಿ. ಆಮೇಲೆ ಅದನ್ನೇ ದುರ್ನಡತೆ ಎಂದು ತೋರಿಸಿ ಬಾಕಿ ತಡೆಹಿಡಿಯಲು ಅವರಿಗೊಂದು ನೆಪ ಸಿಗುತ್ತದೆ.

ನಂತರ ಎಚ್‌ಆರ್‌ಗೆ ಚಿಕ್ಕ ಮೇಲ್. ಮೂರು ವಿಷಯ ಸಾಕು: ಇಂಥ ದಿನ ನಡೆದ ಮಾತುಕತೆಯಲ್ಲಿ ನನ್ನನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿದ್ದೀರಿ, ನಾನಾಗಿ ರಾಜೀನಾಮೆ ಕೊಡುತ್ತಿಲ್ಲ, ನಿಮ್ಮ ಕೊಡುಗೆಯ ಬಾಬತ್ತುವಾರು ವಿವರ ಮತ್ತು ಒಪ್ಪಂದದ ಕರಡು ಕಳಿಸಿ, ಓದಲು ಏಳು ದಿನ ಬೇಕು. ಕೋಪ ಬೇಡ, ಕಾನೂನಿನ ಸೆಕ್ಷನ್‌ಗಳ ಪಟ್ಟಿಯೂ ಬೇಡ. ‘ಮಾತಾಡೋಣ, ಫೋನ್ ಮಾಡಿ’ ಎಂಬ ಉತ್ತರ ಬಂದರೆ ಮಾತಾಡಿ, ಮುಗಿದ ಕೂಡಲೇ ‘ಈಗ ನೀವು ಹೇಳಿದ್ದು ಇಷ್ಟು’ ಎಂದು ಮತ್ತೆ ಮೇಲ್ ಹಾಕಿ.

ಎಷ್ಟು ಕೇಳಬೇಕು? ಬಾಕಿ 8.86 ಲಕ್ಷವನ್ನು ಚೌಕಾಸಿಯೊಳಗೆ ತರಲೇಬೇಡಿ. ಅದರ ಮೇಲೆ, ಹತ್ತು ವರ್ಷದ ಸರ್ವಿಸಿಗೆ, ಐದು ತಿಂಗಳ ಪೂರ್ತಿ ಸಂಬಳ ಎಂದು ಶುರು ಮಾಡಿ ಮೂರಕ್ಕೆ ನಿಲ್ಲಿ ಎಂಬುದು ನಮ್ಮ ಸಲಹೆ. ನಿಮ್ಮ ಅನುಭವದವರಿಗೆ ಇನ್ನೊಂದು ಕೆಲಸ ಹುಡುಕಲು ಬೇಕಾಗುವ ಕಾಲವನ್ನೇ ಕಾರಣವಾಗಿ ಹೇಳಿ. ಹಣದಲ್ಲಿ ಬಗ್ಗದಿದ್ದರೆ ಬೇರೆ ಕಡೆ ಹಿಡಿಯಿರಿ: ಗುಂಪು ಆರೋಗ್ಯ ವಿಮೆ ಇನ್ನು ಆರು ತಿಂಗಳು, ಈ ವರ್ಷದ ಬೋನಸ್ ದುಡಿದ ತಿಂಗಳಿಗೆ ತಕ್ಕಷ್ಟು, ಅನುಭವ ಪತ್ರದಲ್ಲಿ ‘ಹುದ್ದೆ ರದ್ದಾದ ಕಾರಣ’ ಎಂಬ ಮಾತು. ಎಚ್‌ಆರ್‌ಗೆ ಹಣ ಹೆಚ್ಚಿಸಲು ಮೇಲಿನವರ ಅನುಮತಿ ಬೇಕಾಗುತ್ತದೆ, ಇಂಥವನ್ನು ಕೊಡಲು ಅಷ್ಟು ಬೇಕಾಗುವುದಿಲ್ಲ.

ಮಾತುಕತೆ ಮಾರ್ಚ್‌ನಲ್ಲಿ ನಡೆಯುತ್ತಿದ್ದರೆ ಕೊನೆಯ ದಿನವನ್ನು ಏಪ್ರಿಲ್‌ಗೆ ಇಟ್ಟುಕೊಳ್ಳಲು ಕೇಳಿ. ಮುಂದಿನ ಹಣಕಾಸು ವರ್ಷದಲ್ಲಿ ನಿಮ್ಮ ಉಳಿದ ಆದಾಯ ಕಡಿಮೆ ಇರುತ್ತದೆ, ತೆರಿಗೆಯೂ ಕಡಿಮೆ.

ಪ್ರಶ್ನೆ: ರಾಮನಗರದ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆರು ವರ್ಷ ಎಂಟು ತಿಂಗಳಾಯಿತು, ವೇತನ 13,500 ರೂ. ಒಟ್ಟು 420 ಜನ ಇದ್ದೇವೆ. ಆರ್ಡರ್ ಇಲ್ಲ, ಯೂನಿಟ್ ಮುಚ್ಚುತ್ತಾರಂತೆ. ಸೂಪರ್‌ವೈಸರ್ ಒಬ್ಬೊಬ್ಬರನ್ನೇ ಕರೆದು ಖಾಲಿ ಹಾಳೆಗೆ ಸಹಿ ಕೇಳುತ್ತಿದ್ದಾರೆ, ‘ಈಗ ಕೊಟ್ಟವರಿಗೆ 30,000, ಆಮೇಲೆ ಏನೂ ಇಲ್ಲ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಖಾಲಿ ಹಾಳೆಗೆ ಸಹಿ ಬೇಡವೇ ಬೇಡ, ಯಾರು ಕೇಳಿದರೂ. ಆ ಹಾಳೆ ನಾಳೆ ರಾಜೀನಾಮೆ ಪತ್ರವಾಗುತ್ತದೆ.

ನಿಮಗೆ ಬರಬೇಕಾದದ್ದು ನೋಡಿ. ಏಳು ವರ್ಷದ ಲೆಕ್ಕದಲ್ಲಿ ಪರಿಹಾರ 6,750 ಗುಣಿಸು 7, ಅಂದರೆ 47,250. ಗ್ರಾಚ್ಯುಟಿ 54,519. ನೋಟಿಸ್ ಹಣ ಒಂದು ತಿಂಗಳೆಂದರೂ 13,500. ಒಟ್ಟು 1,15,269 ರೂ. ಅವರು ತೋರಿಸುತ್ತಿರುವುದು 30,000. ಗ್ರಾಚ್ಯುಟಿ ಒಂದೇ ಅದಕ್ಕಿಂತ ಹೆಚ್ಚು, ಮತ್ತು ಗ್ರಾಚ್ಯುಟಿಯನ್ನು ಬಿಟ್ಟುಕೊಟ್ಟೆ ಎಂದು ನೀವು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ.

ಅವಸರ ಯಾಕೆ ಎಂಬುದು ಗೊತ್ತಿರಲಿ. ಮುನ್ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕು, ತೊಂಬತ್ತು ದಿನ ಮೊದಲೇ ಅರ್ಜಿ ಹಾಕಬೇಕು. ಅದಕ್ಕಿಂತ ಚಿಕ್ಕ ಕಾರ್ಖಾನೆಗೆ, ಐವತ್ತು ಜನರಿದ್ದರೆ, ಅರವತ್ತು ದಿನದ ನೋಟಿಸ್ ಸಾಕು. ಜನ ತಾವಾಗಿ ಬಿಟ್ಟರು ಎಂದು ತೋರಿಸಿದರೆ ಅನುಮತಿಯ ತಲೆನೋವೂ ಇಲ್ಲ, ಪರಿಹಾರದ ಖರ್ಚೂ ಇಲ್ಲ. ಆದರೆ ಸಂಖ್ಯೆಯನ್ನು ಎಣಿಸುವುದು ಮುಚ್ಚುವ ದಿನದ ಹಾಜರಿಯಿಂದಲ್ಲ, ಹಿಂದಿನ ಹನ್ನೆರಡು ತಿಂಗಳ ಸರಾಸರಿಯಿಂದ. ಕೊನೆಯ ತಿಂಗಳಲ್ಲಿ ನೂರೈವತ್ತು ಜನರನ್ನು ಕಳಿಸಿದರೂ ಸರಾಸರಿ ಮುನ್ನೂರರ ಕೆಳಗೆ ಸುಲಭವಾಗಿ ಇಳಿಯುವುದಿಲ್ಲ. ಅನುಮತಿ ಇಲ್ಲದೆ ಮುಚ್ಚಿದರೆ ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆ ಮುಚ್ಚಿಯೇ ಇಲ್ಲ, ವೇತನ ಓಡುತ್ತಲೇ ಇರುತ್ತದೆ.

ದಿನವೂ ಹೋಗಿ ಹಾಜರಿ ಹಾಕಿ. ಗೇಟಿನಲ್ಲಿ ತಡೆದರೆ ಗೇಟಿನ ಮುಂದೆ ದಿನಾಂಕ, ಗಂಟೆ ಕಾಣುವ ಫೋಟೊ ತೆಗೆದು, ಅದೇ ದಿನ ಮ್ಯಾನೇಜರ್‌ಗೆ ವಾಟ್ಸ್ಆ್ಯಪ್‌ನಲ್ಲಿ ‘ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ’ ಎಂದು ಬರೆಯಿರಿ. ಇದಿಲ್ಲದಿದ್ದರೆ ‘ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು’ ಎಂಬ ವಾದ ಬರುತ್ತದೆ, ಕಾರ್ಮಿಕರು ಹೆಚ್ಚು ಸೋಲುವುದು ಈ ವಾದದ ಮುಂದೆ. ಐದಾರು ಜನ ಸೇರಿ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಒಬ್ಬರ ಅರ್ಜಿಗಿಂತ ಗುಂಪಿನ ಅರ್ಜಿಗೆ ಮಾಲೀಕರು ಬೇಗ ಮಾತಿಗೆ ಬರುತ್ತಾರೆ.

‘ಮುಚ್ಚುತ್ತಿಲ್ಲ, ಬೇರೆ ಯೂನಿಟ್‌ಗೆ ಹೋಗಿ’ ಎಂದರೆ ಬಾಯಿಮಾತಿಗೆ ಇಲ್ಲ ಅನ್ನಬೇಡಿ. ಊರು, ವೇತನ, ಬಸ್ ವ್ಯವಸ್ಥೆ ಎಲ್ಲ ಬರೆದುಕೊಡಲು ಕೇಳಿ.

ಇಎಸ್ಐ ಕಾರ್ಡ್ ಜೋಪಾನ. ಕೆಲಸ ಹೋದ ದಿನವೇ ಅದು ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಪಿಎಫ್ ನಿಮ್ಮದೇ ಹಣ, ಅದನ್ನು ‘ಪರಿಹಾರದಲ್ಲಿ ಸೇರಿದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪನಿ ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ನಮೂದಿಸಬಹುದು.

ಪ್ರಶ್ನೆ: ಸ್ಟಾರ್ಟ್‌ಅಪ್‌ನಲ್ಲಿ ಹದಿನಾಲ್ಕು ತಿಂಗಳಿಂದ ಎಂಜಿನಿಯರಿಂಗ್ ಮ್ಯಾನೇಜರ್, ಹನ್ನೊಂದು ಜನರ ತಂಡ. ಸೇರುವಾಗ 5 ಲಕ್ಷ ಜಾಯಿನಿಂಗ್ ಬೋನಸ್ ಕೊಟ್ಟಿದ್ದರು, ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು. ಈಗ ತಂಡವನ್ನೇ ತೆಗೆಯುತ್ತಿದ್ದಾರೆ. ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳವಂತೆ. ಷೇರು ಆಯ್ಕೆಗಳೂ (ಕಂಪನಿಯ ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕು) ಇವೆ.

ಉತ್ತರ: ನೀವು ಆಡಳಿತದ ಹುದ್ದೆಯವರು, ಮೇಲಿನ ಇಬ್ಬರಿಗಿದ್ದ ಕಾರ್ಮಿಕ ಕಾನೂನಿನ ಆಸರೆ ನಿಮಗಿಲ್ಲ. ಐದು ವರ್ಷ ಆಗದ ಕಾರಣ ಗ್ರಾಚ್ಯುಟಿಯೂ ಇಲ್ಲ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದ್ದರೆ ಮಾತ್ರ ಒಂದು ವರ್ಷಕ್ಕೇ ಸಿಗುತ್ತದೆ. ನಿಮ್ಮ ಬಲವೆಲ್ಲ ನೇಮಕಾತಿ ಪತ್ರದ ಮಾತುಗಳಲ್ಲಿದೆ.

ಜಾಯಿನಿಂಗ್ ಬೋನಸ್ಸಿನ ಷರತ್ತನ್ನು ಅಕ್ಷರ ಅಕ್ಷರ ಓದಿ. ಬಹಳಷ್ಟು ಪತ್ರಗಳಲ್ಲಿ ವಾಪಸಾತಿ ಬರುವುದು ‘ಉದ್ಯೋಗಿ ತಾನಾಗಿ ರಾಜೀನಾಮೆ ಕೊಟ್ಟರೆ ಅಥವಾ ದುರ್ನಡತೆಗೆ ವಜಾ ಆದರೆ’ ಎಂಬ ಎರಡೇ ಸಂದರ್ಭಕ್ಕೆ. ಹಾಗಿದ್ದರೆ ಕಂಪನಿ ನಿಮ್ಮನ್ನು ತೆಗೆದರೆ ನೀವು ಏನೂ ಕೊಡಬೇಕಿಲ್ಲ. ರಾಜೀನಾಮೆ ಹಾಕಿದರೆ ಎರಡು ತಿಂಗಳ ಸಂಬಳ ಬಂದ ಬಾಗಿಲಿನಿಂದಲೇ 5 ಲಕ್ಷ ಹೊರಗೆ ಹೋಗಬಹುದು. ಕಂಪನಿ ರಾಜೀನಾಮೆಯೇ ಬೇಕೆಂದು ಹಠ ಹಿಡಿದರೆ, ಒಪ್ಪಂದದಲ್ಲಿ ‘ಜಾಯಿನಿಂಗ್ ಬೋನಸ್ ವಸೂಲಿ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಿದೆ’ ಎಂಬ ಸಾಲು ಬರೆಸಿ. ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) ಹಾಳೆಯಲ್ಲಿ ಕಡಿತದ ಕಲಂ ಸೊನ್ನೆ ಇದೆಯೇ ಎಂದು ಸಹಿಗೆ ಮೊದಲೇ ನೋಡಿ.

ಷೇರು ಆಯ್ಕೆಗಳಲ್ಲಿ ಒಂದು ವರ್ಷದ ಗಡಿ ದಾಟಿದ್ದರಿಂದ ಒಂದು ಪಾಲು ನಿಮ್ಮ ಹೆಸರಿಗೆ ಬಂದಿರಬಹುದು. ಕೆಲಸ ಬಿಟ್ಟ ಮೇಲೆ ಕೊಳ್ಳಲು ಸಾಮಾನ್ಯವಾಗಿ ತೊಂಬತ್ತು ದಿನ ಮಾತ್ರ ಕೊಡುತ್ತಾರೆ. ಪಟ್ಟಿಯಾಗದ ಕಂಪನಿಯ ಷೇರಿಗೆ ಆ ಅವಧಿಯಲ್ಲಿ ಕೈಯಿಂದ ಹಣ ಹಾಕಿ, ಮಾರಲಾಗದ ಷೇರಿನ ಮೇಲೆ ತೆರಿಗೆಯನ್ನೂ ಕಟ್ಟುವುದು ಕೆಲಸವಿಲ್ಲದ ಹೊತ್ತಿನಲ್ಲಿ ಭಾರ. ಅವಧಿಯನ್ನು ಎರಡು ಮೂರು ವರ್ಷಕ್ಕೆ ವಿಸ್ತರಿಸಲು ಕೇಳಿ. ಕಂಪನಿಗೆ ಇವತ್ತು ಒಂದು ರೂಪಾಯಿ ನಗದು ಖರ್ಚಿಲ್ಲದ ಬೇಡಿಕೆ ಇದು, ಹಾಗಾಗಿ ಎಷ್ಟೋ ಕಡೆ ಒಪ್ಪುತ್ತಾರೆ.

‘ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಎಂಬ ಷರತ್ತಿಗೆ ಹೆದರಬೇಡಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ನಂತರದ ಅಂಥ ನಿರ್ಬಂಧ ಅನೂರ್ಜಿತ. ಗುಟ್ಟು ಕಾಪಾಡುವ ಷರತ್ತು ಮಾತ್ರ ಊರ್ಜಿತ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ, ಊರು ಶಿವಮೊಗ್ಗ. ನನ್ನದು ಎಚ್-1ಬಿ ಕೆಲಸದ ವೀಸಾ, ವಯಸ್ಸು 43. ದೊಡ್ಡ ಕಂಪನಿ, ಇಲ್ಲಿಯೇ ನೂರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ತೆಗೆದಿದ್ದಾರೆ. ಏಳು ವರ್ಷ ಆಗಿತ್ತು. ಎಂಟು ವಾರದ ಸೆವರೆನ್ಸ್, ಒಂದು ವಾರದೊಳಗೆ ಸಹಿ ಹಾಕಿ ಎಂದಿದ್ದಾರೆ.

ಉತ್ತರ: ನಿಮಗೆ ಹಣಕ್ಕಿಂತ ದಿನ ಮುಖ್ಯ. ಎಚ್-1ಬಿಯವರಿಗೆ ಅಲ್ಲೇ ಉಳಿದು ಬೇರೆ ಕೆಲಸ ಹುಡುಕಲು ಸಿಗುವ ಗರಿಷ್ಠ ಅರವತ್ತು ದಿನಗಳ ಅವಕಾಶ ಶುರುವಾಗುವುದು ಕೆಲಸ ಮುಗಿದ ಮಾರನೆಯ ದಿನದಿಂದ, ಅಂದರೆ ಸಾಮಾನ್ಯವಾಗಿ ಸಂಬಳ ಲೆಕ್ಕವಾದ ಕೊನೆಯ ದಿನದ ನಂತರ. ಸೆವರೆನ್ಸ್ ಹಣ ಎಷ್ಟು ವಾರದ್ದಾದರೂ ಆ ದಿನ ಮುಂದೆ ಹೋಗುವುದಿಲ್ಲ. ಆದ್ದರಿಂದ ಎಂಟು ವಾರದ ಇಡಿಗಂಟಿನ ಬದಲು ಎಂಟು ವಾರ ವೇತನಪಟ್ಟಿಯಲ್ಲೇ ಉಳಿಸಿಕೊಳ್ಳಲು ಕೇಳಿ, ಆ ಅವಧಿಯಲ್ಲಿ ನಿಮ್ಮ ಸ್ಥಿತಿ ಏನೆಂದು ವಲಸೆ ವಕೀಲರಿಂದ ಖಚಿತ ಮಾಡಿಕೊಳ್ಳಿ.

ಒಂದು ವಾರದ ಗಡುವು ನಿಮಗೆ ಸಲ್ಲದು. ನಲವತ್ತು ದಾಟಿದವರು ವಯೋಭೇದದ ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಕಾದರೆ, ಗುಂಪಾಗಿ ತೆಗೆದಾಗ 45 ದಿನ ಯೋಚಿಸಲು ಕೊಡಬೇಕು, ಸಹಿಯ ನಂತರವೂ ಏಳು ದಿನದೊಳಗೆ ಹಿಂಪಡೆಯಬಹುದು. ಇದು ಅಮೆರಿಕದ ಫೆಡರಲ್ ಕಾನೂನು. ನ್ಯೂಜೆರ್ಸಿಯ ರಾಜ್ಯ ಕಾನೂನು ಇನ್ನೂ ಬಿಗಿ. 2023ರ ಏಪ್ರಿಲ್ 10ರಿಂದ, ನೂರು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿ ರಾಜ್ಯದಲ್ಲಿ ಐವತ್ತು ಅಥವಾ ಹೆಚ್ಚು ಜನರನ್ನು ಹೀಗೆ ತೆಗೆದರೆ 90 ದಿನದ ನೋಟಿಸ್ ಕೊಡಬೇಕು, ಜೊತೆಗೆ ಪೂರ್ಣ ವರ್ಷಕ್ಕೆ ಒಂದು ವಾರದಂತೆ ಸೆವರೆನ್ಸ್ ಕಡ್ಡಾಯ. ನೋಟಿಸ್ ಕಡಿಮೆಯಾದರೆ ಇನ್ನೂ ನಾಲ್ಕು ವಾರ. ನಿಮ್ಮ ಏಳು ವರ್ಷಕ್ಕೆ ಏಳು ವಾರ ಹಕ್ಕಿನಿಂದಲೇ ಬರಬೇಕು, ನೋಟಿಸ್ ಕೊಡದೆ ತೆಗೆದಿದ್ದರೆ ಹನ್ನೊಂದು. ಈ ಹಕ್ಕನ್ನು ರಾಜ್ಯದ ಕಾರ್ಮಿಕ ಆಯುಕ್ತರ ಅಥವಾ ಕೋರ್ಟಿನ ಒಪ್ಪಿಗೆ ಇಲ್ಲದೆ ಬಿಟ್ಟುಕೊಡಲು ಬರುವುದಿಲ್ಲ. ಸಹಿಗೆ ಬದಲಾಗಿ ಅವರು ಕೊಡುವುದು ಅದಕ್ಕಿಂತ ಹೆಚ್ಚಿನದಾಗಿರಬೇಕು. ನೋಟಿಸ್ ಕೊಡದೆ ತೆಗೆದಿದ್ದರೆ ಎಂಟು ವಾರ ಆ ಹಕ್ಕಿಗೇ ಸಾಲದು.

ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿ 180 ದಿನ ಆಗಿಲ್ಲದಿದ್ದರೆ, ಅದನ್ನು ಕಂಪನಿ ಹಿಂಪಡೆಯುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿ. ಆರೋಗ್ಯ ವಿಮೆಯನ್ನು ಕೋಬ್ರಾ ಎಂಬ ಅಮೆರಿಕದ ಕಾನೂನಿನ ಅಡಿ ಹದಿನೆಂಟು ತಿಂಗಳವರೆಗೆ ಮುಂದುವರಿಸಬಹುದು, ಆದರೆ ಪ್ರೀಮಿಯಂ ಪೂರ್ತಿ ನಿಮ್ಮ ಮೇಲೆ, 102 ಪರ್ಸೆಂಟ್‌ವರೆಗೆ. ಮೊದಲ ಮೂರು ತಿಂಗಳದ್ದು ಕಂಪನಿ ಕಟ್ಟಲಿ ಎಂದು ಕೇಳಿ. ಊರಿಗೆ ಮರಳುವುದಾದರೆ ನಿಮ್ಮೊಬ್ಬರ ಪ್ರಯಾಣದ ವೆಚ್ಚ ಕಂಪನಿಯ ಹೊಣೆ.

ಪ್ರಶ್ನೆ: ನಾಲ್ಕು ದಿನದ ಹಿಂದೆ ಒತ್ತಾಯಕ್ಕೆ ರಾಜೀನಾಮೆ ಮೇಲ್ ಕಳಿಸಿಬಿಟ್ಟೆ. ಬೆಂಗಳೂರಿನಲ್ಲಿ ಬ್ಯಾಕ್ ಆಫೀಸ್ ಕೆಲಸ, ಮೂರು ವರ್ಷ ಸರ್ವಿಸ್. ಇನ್ನು ದಾರಿ ಇದೆಯೇ?

ಉತ್ತರ: ಇದೆ, ಆದರೆ ಇವತ್ತೇ ಹೆಜ್ಜೆ ಇಡಬೇಕು. ಕಂಪನಿ ಇನ್ನೂ ಅಂಗೀಕರಿಸಿದ ಪತ್ರ ಕೊಟ್ಟಿಲ್ಲವಾದರೆ ‘ರಾಜೀನಾಮೆ ಹಿಂಪಡೆದಿದ್ದೇನೆ’ ಎಂದು ಮೇಲ್ ಕಳಿಸಿ. ಅಂಗೀಕರಿಸಿದ್ದರೆ, ಯಾವ ದಿನ, ಯಾರು, ಯಾವ ಮಾತಿನಿಂದ ಒತ್ತಾಯ ಮಾಡಿದರು ಎಂದು ಬರೆದು, ಅದು ಸ್ವಇಚ್ಛೆಯದಲ್ಲ ಎಂದು ದಾಖಲಿಸಿ. ಆ ಮೀಟಿಂಗ್‌ನ ಕ್ಯಾಲೆಂಡರ್ ಆಹ್ವಾನ, ‘ಇನ್ನೂ ಕಳಿಸಿಲ್ಲವಾ’ ಎಂಬ ಚಾಟ್ ಸಂದೇಶ, ಅದೇ ದಿನ ರಾಜೀನಾಮೆ ಕೊಟ್ಟ ಬೇರೆ ಸಹೋದ್ಯೋಗಿಗಳ ಮೇಲ್‌ಗಳು ಸಾಕ್ಷಿಗೆ ಬರುತ್ತವೆ. ಒಂದೇ ಮಾತುಗಳ ಹತ್ತು ರಾಜೀನಾಮೆ ಒಂದೇ ಮಧ್ಯಾಹ್ನ ಬಂದಿದ್ದರೆ ಅದು ಸ್ವಇಚ್ಛೆ ಎಂದು ನಂಬಿಸುವುದು ಕಂಪನಿಗೆ ಕಷ್ಟ. ತಿಂಗಳುಗಟ್ಟಲೆ ಸುಮ್ಮನಿದ್ದು, ಬಂದ ಹಣ ಪಡೆದ ಮೇಲೆ ಬರೆದರೆ ತೂಕ ಇರುವುದಿಲ್ಲ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ನಿಮ್ಮಂಥವರಿಗೆ ಆಸರೆ. ಆರು ತಿಂಗಳು ಸತತ ಕೆಲಸ ಮಾಡಿದ ಉದ್ಯೋಗಿಯನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಹಣ ಕೊಡದೆ ತೆಗೆಯುವಂತಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿ ಯಾರೆಂದು ವಿಚಾರಿಸಿ ಅರ್ಜಿ ಕೊಡಿ. ರಾಜಿ ಸಂಧಾನಕ್ಕೆ ಹೋಗಲು ಕಾನೂನಿನಲ್ಲಿ ಎರಡು ವರ್ಷದ ಅವಕಾಶವಿದೆ, ಅದನ್ನು ನೆಚ್ಚಿ ಕೂರಬೇಡಿ.

ಕೊನೆಯ ತಿಂಗಳ ಸಂಬಳ ಬಂದಿದೆಯೇ ನೋಡಿ. ತೆಗೆದರೂ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಫುಲ್ ಅಂಡ್ ಫೈನಲ್‌ಗೆ 45 ದಿನ ಬೇಕು’ ಎಂಬ ಎಚ್‌ಆರ್ ಉತ್ತರಕ್ಕೆ ಈ ಒಂದು ಸಾಲನ್ನು ಉಲ್ಲೇಖಿಸಿ ಮೇಲ್ ಹಾಕಿ.